ಹಾನಿಯ ಜಾಗವನ್ನು ಮೊದಲೇ ಗೊತ್ತುಮಾಡುವ ಕೆಲಸ: ಸ್ಯಾನ್ ಫ್ರಾನ್ಸಿಸ್ಕೊದ ಬಹುಮಹಡಿ ಕಟ್ಟಡವೊಂದರಲ್ಲಿ ನನ್ನ ಅನುಭವ

ಸ್ಯಾನ್ ಫ್ರಾನ್ಸಿಸ್ಕೊದ ಮಾರ್ಕೆಟ್ ಸ್ಟ್ರೀಟಿನ ದಕ್ಷಿಣಕ್ಕೆ ಈಗ ಜನ ವಾಸವಾಗಿರುವ ಸುಮಾರು 50 ಮಹಡಿಯ ಒಂದು ಕಾಂಕ್ರೀಟ್ ಕಟ್ಟಡದ ಭೂಕಂಪ ವಿನ್ಯಾಸದಲ್ಲಿ ನಾನು ಎರಡೂವರೆ ವರ್ಷ ಕೆಲಸ ಮಾಡಿದ್ದೇನೆ. ಊರಿಗೆ ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ಭೂಮಿ ನಡುಗುವ ಊರಿನಲ್ಲಿ ಅಷ್ಟು ಎತ್ತರಕ್ಕೆ ಏಕೆ ಕಟ್ಟುತ್ತೀರಿ? ಕೇಳುವವರ ಪ್ರಶ್ನೆಯಲ್ಲಿ ತಪ್ಪಿಲ್ಲ. ನಮ್ಮದು ಆಳಂದ ತಾಲ್ಲೂಕು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷಗಳಿದ್ದಾಗ, ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಕಂಪವಾದಾಗ ನಾನು ಒಂಬತ್ತು ವರ್ಷದವನು. "ಏಳ್ರಿ, ಹೊರಗ ಬರ್ರಿ, ಭೂಮಿ ನಡಗಲಕತ್ತದ" ಎಂದು ಮುತ್ಯಾ ಕೂಗಿದ್ದು, ಮಾಳಿಗೆಯ ಮಣ್ಣು ಜರಡಿ ಹಿಡಿದಂತೆ ತಲೆಯ ಮೇಲೆ ಉದುರಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ನಮ್ಮ ಮನೆ ನಿಂತಿತು. ಕಿಲ್ಲಾರಿಯ ಸುತ್ತಲಿನ ಹಳ್ಳಿಗಳಲ್ಲಿ ಸಾವಿರಾರು ಜನ ಸತ್ತರು. ಅಲ್ಲಿ ಕುಸಿದವುಗಳಲ್ಲಿ ಹೆಚ್ಚಿನವು ಒಂದೇ ಅಂತಸ್ತಿನ ಮನೆಗಳು. ಕಲ್ಲನ್ನು ಮಣ್ಣಿನಿಂದ ಜೋಡಿಸಿದ ದಪ್ಪ ಗೋಡೆಗಳು ಬಾಗಲು ಬಾರದೆ ಒಮ್ಮೆಲೇ ಬಿಚ್ಚಿಕೊಂಡವು. ಎತ್ತರವೇ ಅಪಾಯ ಎಂಬ ಮಾತನ್ನು ನಾನು ಪೂರ್ತಿಯಾಗಿ ಒಪ್ಪದಿರುವುದಕ್ಕೆ ಅದೇ ಮೊದಲ ಕಾರಣ.

ಎರಡನೆಯ ಕಾರಣ ಗಣಿತದ್ದು. ಪ್ರತಿಯೊಂದು ಕಟ್ಟಡಕ್ಕೂ, ತೂಗುಯ್ಯಾಲೆಗೆ ಇರುವ ಹಾಗೆ, ತನ್ನದೇ ಆದ ಆಂದೋಲನಾವಧಿ ಇರುತ್ತದೆ. ಗಿಡ್ಡ ಕಟ್ಟಡ ಬೇಗ ಬೇಗ ಅಲುಗುತ್ತದೆ, ಎತ್ತರದ ಕಟ್ಟಡ ನಿಧಾನವಾಗಿ ತೂಗುತ್ತದೆ. ಕೆಳಗಿನ ನೆಲ ಯಾವ ಅವಧಿಯಲ್ಲಿ ಬಲವಾಗಿ ಅಲುಗುತ್ತದೆಯೋ ಅದೇ ಅವಧಿಯ ಕಟ್ಟಡಕ್ಕೆ ಪೆಟ್ಟು ಹೆಚ್ಚು. 1985ರಲ್ಲಿ ಮೆಕ್ಸಿಕೊ ಸಿಟಿಯ ಹಳೆಯ ಕೆರೆಯ ಮೆತ್ತನೆಯ ಜೇಡಿ ಸುಮಾರು ಎರಡು ಸೆಕೆಂಡಿನ ಅವಧಿಯಲ್ಲಿ ತೂಗಿದಾಗ ಆರರಿಂದ ಹದಿನೈದು ಅಂತಸ್ತಿನ ಕಟ್ಟಡಗಳು ಹೆಚ್ಚು ನಾಶವಾದವು. 1956ರಲ್ಲಿ ಕಟ್ಟಿದ್ದ 44 ಮಹಡಿಯ ಟೋರೆ ಲ್ಯಾಟಿನೋಅಮೆರಿಕಾನ ಉಳಿಯಿತು. ನಮ್ಮ ಕಟ್ಟಡದ ಮೊದಲ ಆಂದೋಲನಾವಧಿ ನನ್ನ ಲೆಕ್ಕದಲ್ಲಿ 4.8 ಸೆಕೆಂಡು ಬಂದಿತ್ತು. ಇಷ್ಟರಿಂದ ನೆಮ್ಮದಿಯಾಗಿ ಕುಳಿತುಕೊಳ್ಳುವಂತಿರಲಿಲ್ಲ. ನಗರದ ಪಶ್ಚಿಮಕ್ಕೆ ಸ್ಯಾನ್ ಆಂಡ್ರಿಯಾಸ್ ಬಿರುಕು, ಕೊಲ್ಲಿಯ ಆಚೆ ಹೇವರ್ಡ್ ಬಿರುಕು ಹಾದುಹೋಗಿವೆ. 1906ರಂತೆ ಸ್ಯಾನ್ ಆಂಡ್ರಿಯಾಸ್ ನೂರಾರು ಕಿಲೋಮೀಟರ್ ಉದ್ದಕ್ಕೆ ಸೀಳಿದರೆ ಅದು ಹೊಮ್ಮಿಸುವ ನಿಧಾನದ ಅಲೆಗಳು ಎತ್ತರದ ಕಟ್ಟಡಗಳನ್ನೇ ಹೆಚ್ಚಾಗಿ ಹುಡುಕಿಕೊಂಡು ಬರುತ್ತವೆ. 2014ರಿಂದ 2043ರ ಒಳಗೆ ಈ ಪ್ರದೇಶದಲ್ಲಿ 6.7 ಅಥವಾ ಅದಕ್ಕಿಂತ ದೊಡ್ಡ ಕಂಪನವಾಗುವ ಸಂಭವ ಶೇ. 72 ಎಂದು ಅಮೆರಿಕದ ಭೂವಿಜ್ಞಾನಿಗಳು ಅಂದಾಜಿಸಿದ್ದಾರೆ. ಆದ್ದರಿಂದ ಆ ಕಂಪನ ಬರುತ್ತದೆ ಎಂದುಕೊಂಡೇ ನಾವು ಕೆಲಸ ಶುರುಮಾಡಿದೆವು.

ನಮ್ಮ ಕಟ್ಟಡದ ಬೆನ್ನೆಲುಬು ಮಧ್ಯದ ಕೋರ್. ಲಿಫ್ಟು ಮತ್ತು ಮೆಟ್ಟಿಲುಗಳನ್ನು ಸುತ್ತುವರಿದ, ಎರಡೂವರೆ ಅಡಿ ದಪ್ಪದ ಕಾಂಕ್ರೀಟ್ ಗೋಡೆಗಳ ಪೆಟ್ಟಿಗೆ ಅದು. ಕೇವಲ ಕಾಂಕ್ರೀಟ್ ಗೋಡೆಯನ್ನೇ ನೆಚ್ಚಿಕೊಂಡ ಕಟ್ಟಡ ಹೆಚ್ಚೆಂದರೆ 240 ಅಡಿ ಎತ್ತರವಿರಬಹುದು ಎಂದು ಸಾಮಾನ್ಯ ನಿಯಮ ಹೇಳುತ್ತದೆ. ಅದನ್ನು ಮೀರಬೇಕಾದರೆ ಕಟ್ಟಡ ನಿಜವಾಗಿ ಹೇಗೆ ವರ್ತಿಸುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ತೋರಿಸಿ, ನಗರಾಡಳಿತ ನೇಮಿಸುವ ಸ್ವತಂತ್ರ ತಜ್ಞರ ತಂಡವನ್ನು ಒಪ್ಪಿಸಬೇಕು. ಈ ದಾರಿಯಲ್ಲಿ ವಿನ್ಯಾಸಕಾರನ ಮೊದಲ ಕರ್ತವ್ಯ ಕಟ್ಟಡದಲ್ಲಿ ಎಲ್ಲಿ ಹಾನಿಯಾಗಬೇಕು ಎಂಬುದನ್ನು ಮೊದಲೇ ನಿರ್ಧರಿಸುವುದು. ನಾವು ಆರಿಸಿದ ಜಾಗಗಳು ಎರಡು: ಕೋರ್‌ನ ಬಾಗಿಲುಗಳ ಮೇಲೆ ಎರಡು ಗೋಡೆಗಳನ್ನು ಬೆಸೆಯುವ ಗಿಡ್ಡ ತೊಲೆಗಳು, ಮತ್ತು ನೆಲಮಟ್ಟದ ಮೇಲಿನ ಕೆಲವು ಅಂತಸ್ತುಗಳಲ್ಲಿ ಗೋಡೆಯ ತುದಿಯ ಸರಳುಗಳು. ಇವು ಹಿಗ್ಗಿ, ಬಾಗಿ, ಬಿರುಕು ಬಿಟ್ಟು ಕಂಪನದ ಶಕ್ತಿಯನ್ನು ನುಂಗಬೇಕು. ಉಳಿದ ಭಾಗಗಳು, ಅದರಲ್ಲೂ ಪಕ್ಕಪಕ್ಕದ ಭಾಗಗಳನ್ನು ಎದುರುಬದುರಾಗಿ ಜಾರಿಸುವ ಬಲದಿಂದ, ಅಂದರೆ ಶಿಯರ್‌ನಿಂದ ಗೋಡೆ ಓರೆಯಾಗಿ ಸೀಳುವ ಸಾಧ್ಯತೆ ಇರುವ ಕಡೆಗಳು, ಎಂದೂ ಸೋಲಬಾರದು. ಏಕೆಂದರೆ ಬಾಗುವ ಗೋಡೆ ಎಚ್ಚರಿಕೆ ಕೊಡುತ್ತದೆ, ಶಿಯರ್‌ನಲ್ಲಿ ಸೀಳುವ ಗೋಡೆ ಕೊಡುವುದಿಲ್ಲ.

ಈ ನಿರ್ಧಾರ ಸರಿಯೇ ಎಂದು ನೋಡಲು, ಸುಮಾರು 2,500 ವರ್ಷಕ್ಕೊಮ್ಮೆ ನಿರೀಕ್ಷಿಸುವ ಮಟ್ಟದ ಕಂಪನವನ್ನು ಪ್ರತಿನಿಧಿಸುವ ಹನ್ನೊಂದು ಜೊತೆ ನೆಲಚಲನೆಗಳನ್ನು ಕಂಪ್ಯೂಟರ್ ಮಾದರಿಯ ಕೆಳಗೆ ಹರಿಸಿದೆವು. ಅವುಗಳಲ್ಲಿ 1999ರ ತೈವಾನ್ ಮತ್ತು ಟರ್ಕಿ, 2002ರ ಅಲಾಸ್ಕಾದ ಡೆನಾಲಿ ಭೂಕಂಪಗಳ ದಾಖಲೆಗಳಿದ್ದವು. ಎಲ್ಲವನ್ನೂ ನಮ್ಮ ನಿವೇಶನಕ್ಕೆ ಹೊಂದುವಂತೆ ಪರಿಷ್ಕರಿಸಲಾಗಿತ್ತು. ಒಂದೊಂದು ಲೆಕ್ಕ ಮುಗಿಯಲು ಎರಡು ಮೂರು ದಿನ ಹಿಡಿಯುತ್ತಿತ್ತು. ಅಂತಸ್ತಿನಿಂದ ಅಂತಸ್ತಿಗೆ ಆಗುವ ವಾಲಿಕೆಯ ಸರಾಸರಿ ಅಂತಸ್ತಿನ ಎತ್ತರದ ಶೇ. 3ನ್ನು ಮೀರಬಾರದು, ಗೋಡೆಯ ಶಿಯರ್‌ನಲ್ಲಿ ಸರಾಸರಿಗೆ ಒಂದೂವರೆ ಪಟ್ಟು ಬಲವನ್ನು ತಡೆಯುವ ಶಕ್ತಿ ಇರಬೇಕು. ವಾಲಿಕೆಯಲ್ಲಿ ನಮಗೆ ತೊಂದರೆಯಾಗಲಿಲ್ಲ. ಶಿಯರ್ ಮಾತ್ರ ಮೊದಲ ಅಂದಾಜಿಗಿಂತ ಬಹಳ ಹೆಚ್ಚು ಬಂತು. ಇಷ್ಟೆತ್ತರದ ಕಟ್ಟಡ ಒಂದೇ ದಿಕ್ಕಿಗೆ ತೂಗುವುದಿಲ್ಲ, ಹಾವಿನಂತೆ ಹೊರಳುತ್ತದೆ; ಆ ಹೊರಳುವಿಕೆ ಗೋಡೆಯ ಮೇಲೆ ಹೇರುವ ಬಲವನ್ನು ಮೊದಲ ಆಂದೋಲನ ಒಂದನ್ನೇ ನೋಡಿ ಊಹಿಸಲಾಗದು ಎಂಬುದನ್ನು ನಾನು ಓದಿದ್ದೆನಾದರೂ ಅಂಕಿಗಳಲ್ಲಿ ಕಂಡದ್ದು ಆಗಲೇ.

ನಾನು ತಪ್ಪಿದ್ದು ನೆಲದ ಕೆಳಗೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ವಿಷಯದಲ್ಲಿ ಅನುಭವಿಗಳೂ ಎಡವುತ್ತಾರೆ. ಒಂದು ಹಾರೆಯನ್ನು ನೆಲಕ್ಕೆ ಆಳವಾಗಿ ನೆಟ್ಟು ಅದರ ತುದಿಯನ್ನು ಪಕ್ಕಕ್ಕೆ ಎಳೆದರೆ, ಕುಳಿಯ ಬಾಯಂಚು ಹಾರೆಯನ್ನು ಒಂದು ಕಡೆಗೆ ತಡೆಯುತ್ತದೆ, ಒಳಗಿನ ಮೊನೆ ಇನ್ನೊಂದು ಕಡೆಗೆ ಒದೆಯುತ್ತದೆ. ಬಾಯಂಚು ಎಷ್ಟು ಗಟ್ಟಿಯೋ ಅಷ್ಟು ಬಲ ಅಲ್ಲಿ ಕೂಡಿಕೊಳ್ಳುತ್ತದೆ. ನಮ್ಮ ಕೋರ್ ಆ ಹಾರೆ, ನೆಲಮಟ್ಟದ ಸ್ಲ್ಯಾಬ್ ಆ ಬಾಯಂಚು. ಸ್ಲ್ಯಾಬ್ ಕೋರ್ ಅನ್ನು ಹಿಡಿದುಕೊಂಡು ಬಲವನ್ನು ನೆಲಮಾಳಿಗೆಯ ಸುತ್ತಲಿನ ಗೋಡೆಗಳಿಗೆ ಸಾಗಿಸುತ್ತದೆ; ಅದರ ಪರಿಣಾಮವಾಗಿ ನೆಲದ ಕೆಳಗಿನ ಕೋರ್‌ನಲ್ಲಿ ಶಿಯರ್ ದಿಕ್ಕು ಬದಲಿಸಿ, ಕೆಲವೊಮ್ಮೆ ಮೇಲಿನದಕ್ಕಿಂತ ದೊಡ್ಡದಾಗುತ್ತದೆ. ಸ್ಲ್ಯಾಬ್ ಬಿರುಕು ಬಿಟ್ಟು ಮೆತ್ತಗಾದರೆ ಇದೇ ಬಲ ಸುತ್ತಿನ ಗೋಡೆಗಳಿಗೆ ಹೋಗದೆ ನೇರವಾಗಿ ಬುನಾದಿಗೆ ಇಳಿಯುತ್ತದೆ. ನಾನು ಸ್ಲ್ಯಾಬಿಗೆ ಎರಡರ ನಡುವಿನ ಒಂದು ಬಿಗಿತವನ್ನು ಆರಿಸಿ, ಅದೊಂದರಿಂದಲೇ ಲೆಕ್ಕ ಮುಗಿಸಿದ್ದೆ.

ಪರಿಶೀಲನಾ ತಂಡದ ಹಿರಿಯರೊಬ್ಬರು ಸಭೆಯಲ್ಲಿ ಆ ಪುಟವನ್ನು ತೆರೆದು, ಸ್ಲ್ಯಾಬ್ ಎಷ್ಟು ಬಿರುಕು ಬಿಡುತ್ತದೆಂದು ನಿಮಗೆ ನಿಖರವಾಗಿ ಗೊತ್ತೇ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಹಾಗಾದರೆ ಅತಿ ಬಿಗಿಯಾದ ಸ್ಲ್ಯಾಬಿಗೂ ಅತಿ ಮೆತ್ತನೆಯ ಸ್ಲ್ಯಾಬಿಗೂ ಎರಡು ಬೇರೆ ಬೇರೆ ಲೆಕ್ಕ ಮಾಡಿ, ಪ್ರತಿಯೊಂದು ಭಾಗವನ್ನೂ ಎರಡರಲ್ಲಿ ಯಾವುದು ಕೆಟ್ಟದ್ದೋ ಅದಕ್ಕೆ ತಕ್ಕಂತೆ ವಿನ್ಯಾಸ ಮಾಡಿ ಎಂದರು. ಹಾಗೆ ಮಾಡಿದಾಗ ಬಿಗಿಯಾದ ಸ್ಲ್ಯಾಬಿನ ಲೆಕ್ಕದಲ್ಲಿ ಮೊದಲ ನೆಲಮಾಳಿಗೆಯ ಕೋರ್ ಗೋಡೆ ಶಿಯರ್‌ನಲ್ಲಿ ಸೋಲುತ್ತಿತ್ತು. ಅದಕ್ಕಿಂತ ಗಂಭೀರವಾದದ್ದು ಇನ್ನೊಂದಿತ್ತು: ಕಾರುಗಳು ಇಳಿಯುವ ರ‍್ಯಾಂಪಿಗಾಗಿ ಸ್ಲ್ಯಾಬಿನಲ್ಲಿ ಬಿಟ್ಟಿದ್ದ ತೆರವು ಕೋರ್‌ನ ಪಕ್ಕದಲ್ಲೇ, ಬಲ ದಾಟಿಹೋಗಬೇಕಾದ ದಾರಿಗೆ ಸರಿಯಾಗಿ ಅಡ್ಡ ಇತ್ತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ರ‍್ಯಾಂಪನ್ನು ಒಂದು ಅಂಕಣದಷ್ಟು ಸರಿಸಲು ವಾಸ್ತುಶಿಲ್ಪಿಗಳನ್ನು ಒಪ್ಪಿಸಲು ಮೂರು ವಾರ ಹಿಡಿಯಿತು. ಸ್ಲ್ಯಾಬಿನ ದಪ್ಪವನ್ನು 12 ಇಂಚಿನಿಂದ 18 ಇಂಚಿಗೆ ಏರಿಸಿ, ಕೋರ್‌ನಿಂದ ಸುತ್ತಿನ ಗೋಡೆಯವರೆಗೆ ಎಳೆಬಲ ಸಾಗಿಸುವ ಸರಳುಗಳ ಸಾಲನ್ನು ಸೇರಿಸಿದೆವು. ಆ ಸ್ಲ್ಯಾಬ್ ಈಗ ಲಾಬಿಯ ಕಲ್ಲುಹಾಸಿನ ಕೆಳಗಿದೆ. ಇಡೀ ಕಟ್ಟಡದಲ್ಲಿ ನಾನು ಅತಿ ಹೆಚ್ಚು ಕಾಳಜಿ ವಹಿಸಿದ ಭಾಗ ಅದೇ.

ಬುನಾದಿಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಅದು ಮಣ್ಣಿನ ತಜ್ಞರ ಕ್ಷೇತ್ರ. 2009ರಲ್ಲಿ ಮುಗಿದ, ಇದೇ ನಗರದ 58 ಮಹಡಿಯ ಮಿಲೇನಿಯಂ ಟವರಿನ ಬುನಾದಿಯ ಕಂಬಗಳು ಬಂಡೆಯವರೆಗೆ ಹೋಗದೆ ಮರಳಿನ ಪದರದಲ್ಲಿ ನಿಂತಿದ್ದವು, 2016ರ ಹೊತ್ತಿಗೆ ಆ ಕಟ್ಟಡ 16 ಇಂಚಿನಷ್ಟು ಇಳಿದಿತ್ತು, ಕೊನೆಗೆ 18 ಹೊಸ ಕಂಬಗಳನ್ನು ಬಂಡೆಗೆ ಇಳಿಸಿ ಅದನ್ನು ನಿಲ್ಲಿಸಬೇಕಾಯಿತು ಎಂಬುದು ಎಲ್ಲರಿಗೂ ತಿಳಿದಿದೆ. ನಮ್ಮದು ಬಂಡೆಯ ಮೇಲೆಯೇ ನಿಂತಿದೆ.

ಕಾಗದದ ಮೇಲೆ ಗೆದ್ದ ವಿನ್ಯಾಸವನ್ನು ಕಬ್ಬಿಣದಲ್ಲಿ ಕಟ್ಟಲಾಗುತ್ತದೆಯೇ ಎಂಬುದು ಬೇರೆಯೇ ಪರೀಕ್ಷೆ. ಬಾಗಿಲ ಮೇಲಿನ ತೊಲೆಗಳಲ್ಲಿ ಮುಖ್ಯ ಸರಳುಗಳು ಗುಣಾಕಾರದ ಚಿಹ್ನೆಯಂತೆ ಓರೆಯಾಗಿ ಒಂದನ್ನೊಂದು ದಾಟಿ, ಎರಡೂ ಬದಿಯ ಗೋಡೆಯೊಳಗೆ ಉದ್ದಕ್ಕೆ ಹೋಗುತ್ತವೆ. ಗೋಡೆಯ ತುದಿಯಲ್ಲಿ ಅದಾಗಲೇ ದಪ್ಪ ನಿಲುಸರಳುಗಳೂ ನಾಲ್ಕು ನಾಲ್ಕು ಇಂಚಿಗೆ ರಿಂಗುಗಳೂ ಇರುತ್ತವೆ. ನಾವು ನಿವೇಶನದ ಮೂಲೆಯಲ್ಲಿ ಒಂದು ತೊಲೆಯನ್ನೂ ಅದರ ಗೋಡೆಯ ತುದಿಗಳನ್ನೂ ಪೂರ್ಣ ಅಳತೆಯಲ್ಲಿ ಮಾದರಿಯಾಗಿ ಕಟ್ಟಿಸಿದೆವು. ಸರಳು ಕಟ್ಟುವವರ ಮೇಸ್ತ್ರಿ, ಮೂವತ್ತು ವರ್ಷ ಆ ಕೆಲಸ ಮಾಡಿದವರು, ನನ್ನ ನಕ್ಷೆಯನ್ನು ಪಕ್ಕಕ್ಕಿಟ್ಟು, "ನಿಮ್ಮ ನಕ್ಷೆಯಲ್ಲಿ ಸರಳು ಒಂದು ಗೆರೆ, ನನ್ನ ಕೈಯಲ್ಲಿ ಅದಕ್ಕೆ ದಪ್ಪ ಇದೆ" ಎಂದರು. ಓರೆ ಸರಳುಗಳ ಪ್ರತಿ ಕಟ್ಟಿಗೂ ನಾನು ಪ್ರತ್ಯೇಕ ರಿಂಗುಗಳನ್ನು ತೋರಿಸಿದ್ದೆ. ಅವುಗಳ ನಡುವೆ ಹಸಿ ಕಾಂಕ್ರೀಟನ್ನು ಅಲುಗಿಸಿ ಕೂರಿಸುವ ವೈಬ್ರೇಟರಿನ ಮೂತಿ ಇಳಿಯುತ್ತಿರಲಿಲ್ಲ. ಕಾಂಕ್ರೀಟು ಗಟ್ಟಿಯಾದ ಮೇಲೆ ಮಾದರಿಯನ್ನು ಗರಗಸದಿಂದ ಕೊಯ್ದು ನೋಡಿದಾಗ, ದಾಟುವ ಜಾಗದಲ್ಲಿ, ಸರಳುಗಳ ಅಡಿಯಲ್ಲಿ ಅಂಗೈ ಅಗಲದ ಪೊಳ್ಳು ಇತ್ತು. ಕಟ್ಟಡದ ಶಕ್ತಿಯನ್ನು ನುಂಗಬೇಕಾದ ಜಾಗದಲ್ಲೇ ಕಾಂಕ್ರೀಟು ಇರಲಿಲ್ಲ.

ಅಮೆರಿಕದ ಕಾಂಕ್ರೀಟ್ ಸಂಹಿತೆ 2008ರಿಂದ ಇನ್ನೊಂದು ದಾರಿಯನ್ನು ಒಪ್ಪುತ್ತದೆ: ಪ್ರತಿ ಕಟ್ಟಿಗೆ ರಿಂಗು ಹಾಕುವ ಬದಲು ಇಡೀ ತೊಲೆಯನ್ನು ಸುತ್ತುವ ರಿಂಗು ಮತ್ತು ಅಡ್ಡಕೊಕ್ಕೆಗಳನ್ನು ಹಾಕಬಹುದು. ನಾವು ಅದಕ್ಕೆ ಬದಲಾಯಿಸಿ, ಜಲ್ಲಿಯ ಗಾತ್ರವನ್ನು ಕಿರಿದು ಮಾಡಿ, ಮೇಸ್ತ್ರಿಯವರು ಹೇಳಿದ ಕ್ರಮದಲ್ಲಿ ಸರಳುಗಳನ್ನು ಸೇರಿಸುವಂತೆ ನಕ್ಷೆಯನ್ನು ತಿದ್ದಿ ಎರಡನೆಯ ಮಾದರಿ ಕಟ್ಟಿದೆವು. ಕೊಯ್ದಾಗ ಪೊಳ್ಳು ಇರಲಿಲ್ಲ. ಮಾದರಿಯ ಖರ್ಚು ದಂಡ ಎಂದು ಯಾರಾದರೂ ಹೇಳಿದರೆ ನಾನು ಮೊದಲನೆಯದರ ಫೋಟೊವನ್ನು ತೋರಿಸುತ್ತೇನೆ.

ಇಷ್ಟೆಲ್ಲ ಮಾಡಿದ ಮೇಲೂ ನಿಯಮ ಮನೆ ಕೊಳ್ಳುವವರಿಗೆ ಕೊಡುವ ಭರವಸೆ ಎಷ್ಟು ಎಂಬುದು ನನ್ನನ್ನು ಬಹಳ ಕಾಡುತ್ತದೆ. ಅತಿ ದೊಡ್ಡ ಕಂಪನ ಬಂದರೆ ಸಾಮಾನ್ಯ ವಸತಿ ಕಟ್ಟಡ ಕುಸಿಯುವ ಸಂಭವ ಶೇ. 10ನ್ನು ಮೀರಬಾರದು ಎಂಬುದೇ ಸಂಹಿತೆಯ ಗುರಿ. ಜೀವ ಉಳಿಯಬೇಕು ಎಂಬುದು ಅದರ ಆಶಯ; ಮರುದಿನ ಮನೆಗೆ ಮರಳಬಹುದು ಎಂಬ ಮಾತು ಅದರಲ್ಲಿಲ್ಲ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2011ರ ಫೆಬ್ರುವರಿ 22ರ ಭೂಕಂಪದಲ್ಲಿ 185 ಜನ ಸತ್ತರು, ಅವರಲ್ಲಿ 115 ಜನ ಒಂದೇ ಕಟ್ಟಡದ ಕುಸಿತದಲ್ಲಿ. ಉಳಿದ ಬಹುಮಹಡಿ ಕಟ್ಟಡಗಳಲ್ಲಿ ಹೆಚ್ಚಿನವು ಕುಸಿಯದೆ ನಿಂತವು, ಆದರೆ ಅವುಗಳಲ್ಲಿ ಬಹಳಷ್ಟನ್ನು ಆಮೇಲೆ ಕೆಡವಬೇಕಾಯಿತು, ನಗರದ ನಡುಭಾಗ ಎರಡು ವರ್ಷಕ್ಕೂ ಮೀರಿ ಜನರಿಗೆ ಮುಚ್ಚಿತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲೇ 181 ಫ್ರೀಮಾಂಟ್ ಕಟ್ಟಡದ ವಿನ್ಯಾಸಕಾರರು ಇದಕ್ಕಿಂತ ಮೇಲಿನ ಗುರಿ ಇಟ್ಟುಕೊಂಡು, ಹೊರಗಿನ ದೊಡ್ಡ ಓರೆತೊಲೆಗಳಲ್ಲಿ ಡ್ಯಾಂಪರುಗಳನ್ನು (ಕಂಪನದ ಶಕ್ತಿಯನ್ನು ಹೀರಿ ತೂಗಾಟ ತಗ್ಗಿಸುವ ಸಾಧನಗಳನ್ನು) ಅಳವಡಿಸಿದರು. ನಾವೂ ನಮ್ಮ ಮಾಲೀಕರ ಮುಂದೆ ಅಂಥ ಪ್ರಸ್ತಾಪ ಇಟ್ಟೆವು. ಡ್ಯಾಂಪರಿಗೆ ಅವರು ಒಪ್ಪಲಿಲ್ಲ. ಮೆಟ್ಟಿಲುಗಳು ವಾಲಿಕೆಯಲ್ಲಿ ಸಿಕ್ಕಿಕೊಳ್ಳದೆ ಜಾರುವಂತೆ ಕೂರಿಸುವುದಕ್ಕೂ, ಗಾಜಿನ ಹೊದಿಕೆಯನ್ನು ನಿಯಮಕ್ಕಿಂತ ಹೆಚ್ಚಿನ ವಾಲಿಕೆಗೆ ಪರೀಕ್ಷಿಸುವುದಕ್ಕೂ ಒಪ್ಪಿದರು. ಒಪ್ಪದ ಭಾಗಕ್ಕಾಗಿ ನಾನು ಇನ್ನಷ್ಟು ವಾದಿಸಬೇಕಿತ್ತು ಎಂದು ಇಂದಿಗೂ ನನಗೆ ಅನ್ನಿಸುತ್ತದೆ.

ಕಟ್ಟಡದ ಬುಡದಿಂದ ತುದಿಯವರೆಗೆ ಕೆಲವು ಮಹಡಿಗಳಲ್ಲಿ ಕಂಪನಮಾಪಕಗಳಿವೆ. ಜನ ವಾಸಕ್ಕೆ ಬಂದ ಕೆಲವು ತಿಂಗಳ ನಂತರ ಕೊಲ್ಲಿಯ ಆಚೆ ಒಂದು ಸಣ್ಣ ಕಂಪನವಾಯಿತು. ಅನೇಕರಿಗೆ ಗೊತ್ತೂ ಆಗಲಿಲ್ಲ. ಮರುದಿನ ದಾಖಲೆಯನ್ನು ತೆಗೆದು ನನ್ನ ಮಾದರಿಯ ಗೆರೆಯ ಮೇಲೆ ಇಟ್ಟು ನೋಡಿದೆ. ನಾನು ಲೆಕ್ಕ ಹಾಕಿದ್ದ 4.8 ಸೆಕೆಂಡಿನ ಜಾಗದಲ್ಲಿ ಕಟ್ಟಡ 3.7 ಸೆಕೆಂಡಿಗೊಮ್ಮೆ ತೂಗಿತ್ತು. ಬಿರುಕು ಬಿಡದ ಕಾಂಕ್ರೀಟು, ಮನೆಗಳ ಒಳಗೋಡೆಗಳು, ಗಾಜಿನ ಹೊದಿಕೆ ಇವೆಲ್ಲ ಸಣ್ಣ ಕಂಪನದಲ್ಲಿ ಕೋರ್‌ಗೆ ಕೈಜೋಡಿಸುತ್ತವೆ, ನನ್ನ ಮಾದರಿಯಲ್ಲಿ ಅವು ಇರಲಿಲ್ಲ. ಆ ಎರಡು ಗೆರೆಗಳ ಚಿತ್ರವನ್ನು ಯೋಜನೆಯ ಕಡತದ ಕೊನೆಯ ಪುಟವಾಗಿ ಸೇರಿಸಿದೆ. ಮುಂದಿನ ಕಟ್ಟಡದಲ್ಲಿ ಸಣ್ಣ ಕಂಪನಗಳ ಲೆಕ್ಕವನ್ನು ನಾವು ಆ ಪುಟದಿಂದಲೇ ಆರಂಭಿಸಿದೆವು.