ರಿನೋವೇಷನ್ ಆದ ಮನೆಗೆ ಮುಂದಿನ, ಹಿಂದಿನ ಅಂಗಳ ಮಾಡಿದ್ದು ಹೀಗೆ

ನಮ್ಮದು 40×60ರ ಹಳೆಯ ಸೈಟು. ಮನೆ ಮುಂದೆ 14 ಅಡಿ, ಹಿಂದೆ 8 ಅಡಿ ಜಾಗ. ರಿನೋವೇಷನ್‌ನಲ್ಲಿ ಹಾಲ್ ಕಿಟಕಿ ದೊಡ್ಡದಾಯಿತು, ಹಿಂದೆ ಯುಟಿಲಿಟಿ ಬಂತು, ಗೇಟು ಪಕ್ಕಕ್ಕೆ ಸರಿಯಿತು. ಅಂಗಳದ ಕೆಲಸವನ್ನು ನರ್ಸರಿಯಿಂದ ಶುರು ಮಾಡಬೇಡಿ, ಮಟ್ಟದ ಪೈಪಿನಿಂದ ಶುರು ಮಾಡಿ. ಗಿಡ ತಪ್ಪಾದರೆ ಕಿತ್ತು ಬೇರೆ ನೆಡಬಹುದು. ಮಟ್ಟ ತಪ್ಪಿದರೆ ಹಾಳಾಗುವುದು ಮನೆಯ ಗೋಡೆ.

ಪಾರದರ್ಶಕ ಪೈಪಿಗೆ ಗುಳ್ಳೆ ಇಲ್ಲದಂತೆ ನೀರು ತುಂಬಿ, ಗೋಡೆಯ ಡಿಪಿಸಿ ಪಟ್ಟಿ (ನೆಲದ ತೇವ ಗೋಡೆಗೆ ಏರದಂತೆ ತಡೆಯುವ ಪದರ) ಎಲ್ಲಿದೆ ಎಂದು ನೋಡಿ, ಅದರಿಂದ 6 ಇಂಚು ಕೆಳಗೆ ಸುತ್ತಲೂ ದಾರ ಹೊಡೆದು ಬಣ್ಣದ ಗೆರೆ ಎಳೆದೆವು. ಮಣ್ಣಾಗಲಿ, ಕಲ್ಲಾಗಲಿ ಆ ಗೆರೆ ದಾಟಬಾರದು. ಹಳೆಯ ಕಾಂಕ್ರೀಟಿನ ಮೇಲೇ ಪೇವರ್ ಕೂರಿಸಿದರೆ ಕೂಲಿ ಉಳಿಯುತ್ತದೆ ಎಂದು ಮೇಸ್ತ್ರಿಗಳು ಹೇಳುತ್ತಾರೆ. ಆದರೆ 60 ಮಿ.ಮೀ. ಪೇವರ್, ಅದರ ಕೆಳಗೆ 40 ಮಿ.ಮೀ. ಎಂ-ಸ್ಯಾಂಡ್ ಸೇರಿದರೆ ನೆಲ 4 ಇಂಚು ಮೇಲೇಳುತ್ತದೆ. ನಮ್ಮಲ್ಲಿ ಒಂದು ಬದಿಗೆ ಹಾಗೆ ಹಾಕಿಯೂ ಆಗಿತ್ತು. ಹಾಲ್‌ನ ಹೊಸ ಪೇಂಟು ಬುಡದಿಂದ ಒಂದಡಿ ಎತ್ತರಕ್ಕೆ ಗುಳ್ಳೆ ಎದ್ದಾಗ ಎಲ್ಲವನ್ನೂ ಕಿತ್ತು, ಕಾಂಕ್ರೀಟ್ ಒಡೆದು, ಮತ್ತೆ ಹಾಕಬೇಕಾಯಿತು. ಇಳಿಜಾರು ಯಾವಾಗಲೂ ಮನೆಯಿಂದ ಆಚೆಗೆ, 10 ಅಡಿಗೆ ಒಂದೂವರೆ ಇಂಚು. ಪೇವರ್ ಹಾಕುವ ಮೊದಲೇ ಡ್ರೈವ್‌ವೇ ಅಡಿಯಲ್ಲಿ ಎರಡು ಇಂಚಿನ ಪಿವಿಸಿ ಪೈಪು ಅಡ್ಡಲಾಗಿ ಹೂತು, ಎರಡೂ ತುದಿಗೆ ಮುಚ್ಚಳ ಹಾಕಿಡಿ. ಮುಂದೆ ನೀರಿನ ಲೈನೋ ದೀಪದ ವೈರೋ ಎಳೆಯಬೇಕಾದಾಗ ನೆಲ ಒಡೆಯುವ ಕೆಲಸ ತಪ್ಪುತ್ತದೆ.

ಗೋಡೆ ಬುಡಕ್ಕೆ ಗಿಡ ಬೇಡ. ಒಂದೂವರೆ ಅಡಿ ಬಿಟ್ಟು, ಅಲ್ಲಿ 20 ಮಿ.ಮೀ. ಜಲ್ಲಿ ಹರಡಿ. ಅಡಿಪಾಯದ ಪಕ್ಕಕ್ಕೆ ಗೆದ್ದಲಿನ ಔಷಧಿ ಹೊಡೆಸಿದ್ದರೆ ಅಲ್ಲಿ ಅಗೆಯಲೇಬಾರದು. ಅಗೆದರೆ ಔಷಧಿ ಹೀರಿದ ಮಣ್ಣಿನ ಪದರ ಕಡಿದುಹೋಗಿ ಗೆದ್ದಲಿಗೆ ದಾರಿಯಾಗುತ್ತದೆ.

ಇನ್ನು ಮಣ್ಣು. ರಿನೋವೇಷನ್ ಆದ ಮನೆಯ ತೋಟ ಸೊರಗುವುದಕ್ಕೆ ಅರ್ಧ ಕಾರಣ ಇದೇ. ಟೈಲ್ಸ್ ಕೆಲಸದವರು ಕರಣೆ, ಬಕೆಟ್ ತೊಳೆದ ನೀರನ್ನು ಅಂಗಳಕ್ಕೇ ಚೆಲ್ಲುತ್ತಾರೆ, ಒಡೆದ ಗಾರೆಯನ್ನು ಮಣ್ಣಿನ ಅಡಿ ಮುಚ್ಚಿ ಹೋಗುತ್ತಾರೆ. ಬೆಂಗಳೂರಿನ ಕೆಂಪು ಮಣ್ಣಿಗೆ ಸಿಮೆಂಟಿನ ಸುಣ್ಣ ಸೇರಿದರೆ ಕ್ಷಾರ ಹೆಚ್ಚುತ್ತದೆ, ಮಣ್ಣಿನಲ್ಲಿ ಕಬ್ಬಿಣದಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ದಾಸವಾಳದ ಚಿಗುರೆಲೆ ನೋಡಿ: ನರಗಳು ಹಸಿರಾಗಿಯೇ ಇದ್ದು, ನಡುವಿನ ಭಾಗ ಮಾತ್ರ ನಿಂಬೆ ಹಳದಿಯಾಗಿದ್ದರೆ ಇದೇ ತೊಂದರೆ. ಎಷ್ಟು ಗೊಬ್ಬರ ಸುರಿದರೂ ಅದು ಸರಿಹೋಗದು. ಒಂದು ಹಿಡಿ ಒಣ ಮಣ್ಣಿಗೆ ವಿನೆಗರ್ ಹನಿಸಿ. ಬುಸುಬುಸು ನೊರೆ ಬಂದರೆ ಸುಣ್ಣ ಇದೆ ಎಂದರ್ಥ.

ಕಾಂಪೌಂಡ್ ಉದ್ದಕ್ಕೆ 24 ಅಡಿ ಉದ್ದ, 4 ಅಡಿ ಅಗಲದ ಪಾತಿಯನ್ನು ಒಂದೂವರೆ ಅಡಿ ಆಳಕ್ಕೆ ಅಗೆದು, ಬಂದ ಮಣ್ಣನ್ನೆಲ್ಲ ಸಾಗಿಸಿಬಿಟ್ಟೆವು. ಲೆಕ್ಕಕ್ಕೆ 144 ಘನ ಅಡಿ. ಮಣ್ಣು ಕೂರುತ್ತದಾದ್ದರಿಂದ 170 ಘನ ಅಡಿಯಷ್ಟು ತರಿಸಿದೆವು: ಕೆಂಪು ಮಣ್ಣು 100, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 45, ತೊಳೆದ ತೆಂಗಿನ ನಾರಿನ ಪುಡಿ 25. ಗೊಬ್ಬರದ ರಾಶಿಯೊಳಗೆ ಕೈ ಇಟ್ಟಾಗ ಬಿಸಿ ಇದ್ದರೆ ಕಳಿತಿಲ್ಲ, ವಾಪಸ್ ಕಳಿಸಿ. ತೇವದ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ಹೆಬ್ಬೆರಳಿನಿಂದ ಒತ್ತಿದರೆ ಉದುರಬೇಕು. ತುಂಬುವ ಮೊದಲು ತಳವನ್ನು ಹಾರೆಯಿಂದ ಸಡಿಲಿಸಿ. ಸಾರವೆ ಕಟ್ಟಿದ ಜಾಗದಲ್ಲಿ ತುಳಿತಕ್ಕೆ ನೆಲ ಕಲ್ಲಿನಂತಾಗಿರುತ್ತದೆ, ನೀರು ಇಳಿಯದೆ ಬೇರು ಕೊಳೆಯುತ್ತದೆ. ಮಣ್ಣಿನ ಕೆಲಸ ಮೇ ತಿಂಗಳಿಗೆ ಮುಗಿದರೆ ಜೂನ್ ಮಳೆಗೆ ನೆಡಬಹುದು.

ಗೇಟಿನ ಕಡೆಯ ಮೂಲೆಯಲ್ಲಿ, ಮನೆಯ ಅಡಿಪಾಯದಿಂದ 10 ಅಡಿ ದೂರಕ್ಕೆ ಇಂಗುಗುಂಡಿ ಮಾಡಿದೆವು. 3 ಅಡಿ ವ್ಯಾಸ, ಒಂದಡಿ ಎತ್ತರದ ಸಿಮೆಂಟ್ ರಿಂಗು 12. ತಳಕ್ಕೆ ಕಾಂಕ್ರೀಟ್ ಇಲ್ಲ, ರಿಂಗುಗಳ ನಡುವೆ ಗಾರೆ ಇಲ್ಲ, ಸುತ್ತ ಜಲ್ಲಿ. ಇದು ಸುಮಾರು 2,400 ಲೀಟರ್ ಹಿಡಿಯುತ್ತದೆ. ತಾರಸಿಯ ಮುಂಭಾಗ 70 ಚದರ ಮೀಟರ್, 35 ಮಿ.ಮೀ. ಮಳೆ ಬಂದರೆ ಹರಿಯುವ ನೀರೂ ಹತ್ತಿರ ಹತ್ತಿರ ಅಷ್ಟೇ. ಎಲೆ, ಮಣ್ಣು ತಡೆಯಲು ಮೊದಲು ಒಂದು ಸಣ್ಣ ಫಿಲ್ಟರ್ ಚೇಂಬರ್ ಇರಲೇಬೇಕು. ಇಲ್ಲದಿದ್ದರೆ ಹೂಳು ತುಂಬಿ ಗುಂಡಿ ಇಂಗುವುದನ್ನೇ ನಿಲ್ಲಿಸುತ್ತದೆ. ಹುಲ್ಲುಹಾಸು ಹಾಕಲಿಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತು ಮಾಡಿತ್ತು. ಬೇಸಿಗೆಯಲ್ಲಿ ಹುಲ್ಲಿಗೆ ಸಾಲದ ನೀರು ದಾಸವಾಳ, ನಂದಿಬಟ್ಟಲಿಗೆ ಸಾಕಾಗುತ್ತದೆ.

ಮುಂದಿನ ಗಿಡಗಳ ಎತ್ತರ ನಿರ್ಧರಿಸಿದ್ದು ಒಳಗೆ ಕುರ್ಚಿಯಲ್ಲಿ ಕೂತು. ಕಿಟಕಿಯ ಕೆಳ ಅಂಚು ನೆಲದಿಂದ ಎರಡೂವರೆ ಅಡಿ. ಅದರ ನೇರಕ್ಕೆ ಕನಕಾಂಬರ, ಪಕ್ಕಗಳಲ್ಲಿ ನಂದಿಬಟ್ಟಲು, ಕಾಂಪೌಂಡ್ ಮೂಲೆಗೆ ಪಾರಿಜಾತ. ಒಳಗಿಂದ ಕಿತ್ತ ಹಳೆಯ ಚಪ್ಪಡಿಗಳನ್ನು ಎಸೆಯದೆ, ಮಧ್ಯದಿಂದ ಮಧ್ಯಕ್ಕೆ 2 ಅಡಿ ಅಂತರದಲ್ಲಿ ಕಾಲುದಾರಿಗೆ ಹಾಸಿದೆವು. ಹಳೆಯ ಮನೆಯ ಒಂದು ಗುರುತು ಹೊರಗೆ ಉಳಿದದ್ದು ನಮಗೆ ತುಂಬ ಇಷ್ಟ.

ಹಿಂದಿನ 8 ಅಡಿಗೆ ಪಕ್ಕದ ಮಹಡಿ ಮನೆಗಳ ನೆರಳು. ಬಿಸಿಲು ಬೀಳುವ ಜಾಗಕ್ಕೆ ಬೆಳಿಗ್ಗೆಯಿಂದ ಸಂಜೆವರೆಗೆ ಗಂಟೆಗೊಮ್ಮೆ ಸುಣ್ಣದ ಗುರುತು ಹಾಕಿ ನೋಡಿದೆವು. ನಾಲ್ಕು ಗಂಟೆಗಿಂತ ಹೆಚ್ಚು ಬಿಸಿಲು ಸಿಕ್ಕಿದ್ದು ಒಂದೇ ಮೂಲೆಗೆ. ಅಲ್ಲಿ ಕರಿಬೇವು. ಉಳಿದ ಕಡೆ ಒಂದೆಲಗ, ದೊಡ್ಡಪತ್ರೆ, ಕೆಸು. ವಾಷಿಂಗ್ ಮೆಷಿನ್‌ನ ಕೊನೆಯ ಸಲದ ನೀರು ಮಾತ್ರ ಬಾಳೆ ಬುಡಕ್ಕೆ. ಮೊದಲ ನೀರಿನ ಡಿಟರ್ಜೆಂಟ್ ಮಣ್ಣನ್ನು ಬಿಗಿಯಾಗಿಸುತ್ತದೆ. ಎಸಿಯ ಹೊರಗಿನ ಯೂನಿಟ್ ಎದುರು ಏನನ್ನೂ ನೆಡಬೇಡಿ, ಬಿಸಿ ಗಾಳಿಗೆ ಎಲೆ ಸುಡುತ್ತದೆ. ಚರಂಡಿ ಚೇಂಬರ್‌ಗಳ ಮುಚ್ಚಳದ ಸುತ್ತ ಒಂದೂವರೆ ಅಡಿ ಖಾಲಿ ಬಿಡಿ.

ಅಕ್ಟೋಬರ್ ಮಳೆ ಮುಗಿಯುವ ಹೊತ್ತಿಗೆ ಪಾತಿ ಎರಡರಿಂದ ಮೂರು ಇಂಚು ಕೂತಿರುತ್ತದೆ. ಅದೇ ಮಿಶ್ರಣ ತುಂಬಿ, ಕಾಂಡದ ಬುಡ ಮುಚ್ಚದಂತೆ ಒಣ ಎಲೆ ಹೊದಿಸಿ. ಹಾಗೇ ಡಿಪಿಸಿ ಗೆರೆಯನ್ನು ಇನ್ನೊಂದು ಸಲ ನೋಡಿಕೊಳ್ಳಿ.