ಲಿಂಫೋಮಾ ಫಾಲೋಅಪ್: ದಾವಣಗೆರೆಯಲ್ಲಿದ್ದುಕೊಂಡು ನಾನು ನಡೆಸುವ ಕ್ರಮ

ನನ್ನದು ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳ ಒಂದು ಬಗೆಯಾದ ಬಿ-ಕಣಗಳಲ್ಲಿ ಹುಟ್ಟುವ ಕ್ಯಾನ್ಸರ್. ಆರ್-ಚಾಪ್ (ರಿಟುಕ್ಸಿಮ್ಯಾಬ್, ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟಿನ್ ಮೊದಲಾದ ಐದು ಔಷಧಿಗಳ ಚಿಕಿತ್ಸೆ) ಆರು ಸೈಕಲ್ ಮುಗಿದು, ಕೊನೆಯ ಪೆಟ್-ಸಿಟಿ ಸ್ಕ್ಯಾನಿನಲ್ಲಿ ಡೋವಿಲ್ ಸ್ಕೋರ್ (ರೋಗ ಎಷ್ಟು ಉಳಿದಿದೆ ಎಂದು ಸ್ಕ್ಯಾನಿನ ಹೊಳಪು ನೋಡಿ ಕೊಡುವ ಅಂಕ) 2 ಬಂತು. 5ರಲ್ಲಿ 3ರವರೆಗೆ ಸಾಮಾನ್ಯವಾಗಿ ನಿಶ್ಚಿಂತೆ. ನನ್ನ ಚೆಕಪ್ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಂದು. ಈ ಬಗೆ ಮರಳುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ, ಅದಕ್ಕೇ ಆರಂಭದಲ್ಲಿ ಇಷ್ಟು ಒತ್ತೊತ್ತಾಗಿ.

ಡಾಕ್ಟರು ಬೆಂಗಳೂರಿನಲ್ಲಿ, ಸುಮಾರು 260 ಕಿಲೋಮೀಟರ್. ರಕ್ತ ಮಾತ್ರ ಊರಲ್ಲೇ ಕೊಡುತ್ತೇನೆ, ಭೇಟಿಗೆ ಒಂದು ವಾರ ಮುಂಚೆ: ಸಿಬಿಸಿ (ರಕ್ತಕಣಗಳ ಎಣಿಕೆ), ಎಲ್‌ಡಿಎಚ್ (ಜೀವಕೋಶಗಳ ಒಳಗಿನ ಒಂದು ಕಿಣ್ವ, ಲಿಂಫೋಮಾ ಮರಳಿದರೆ ಏರಬಹುದು), ಲಿವರ್, ಕ್ರಿಯಾಟಿನಿನ್ (ಕಿಡ್ನಿಗೆ). ವಾರದ ಅಂತರ ಯಾಕೆಂದರೆ ಎಲ್‌ಡಿಎಚ್ ಕೈಕೊಟ್ಟರೆ ಇನ್ನೊಮ್ಮೆ ಮಾಡಿಸಲು ಟೈಮ್ ಇರಬೇಕು. ಅದು ಕೈಕೊಡುವಷ್ಟು ಬೇರೆ ಯಾವ ಟೆಸ್ಟೂ ಕೈಕೊಡುವುದಿಲ್ಲ.

ಕೆಂಪು ರಕ್ತಕಣದ ಒಳಗೆ ಎಲ್‌ಡಿಎಚ್ ತುಂಬಿಕೊಂಡಿರುತ್ತದೆ, ಹೊರಗಿನ ಸೀರಮ್‌ನಲ್ಲಿ (ರಕ್ತದ ತಿಳಿ ದ್ರವದಲ್ಲಿ) ಇರುವುದು ತೀರಾ ಕಡಿಮೆ. ರಕ್ತ ಎಳೆಯುವಾಗ ಒಂದಿಷ್ಟು ಕಣ ಒಡೆದರೂ ಸಾಕು, ಅಂಕಿ ಮೇಲೇರುತ್ತದೆ. ತೀರಾ ಸಣ್ಣ ಸೂಜಿ, ಜೋರಾಗಿ ಎಳೆದ ಸಿರಿಂಜು, ಸೂಜಿ ತೆಗೆಯದೆ ಟ್ಯೂಬಿಗೆ ರಭಸವಾಗಿ ಒತ್ತುವುದು, ಟ್ಯೂಬನ್ನು ಗಡಗಡ ಅಲ್ಲಾಡಿಸುವುದು, ಕಲೆಕ್ಷನ್ ಸೆಂಟರಿನಲ್ಲಿ ಮಧ್ಯಾಹ್ನದವರೆಗೆ ಬಿದ್ದಿರುವುದು, ಎಲ್ಲವೂ ಕಾರಣವೇ. ಹಾಗಾಗಿ ನೇರ ಲ್ಯಾಬಿಗೇ ಬೆಳಿಗ್ಗೆ ಹೋಗುತ್ತೇನೆ. "ಅಕ್ಕಾ, ಎಲ್‌ಡಿಎಚ್ ಐತಿ, ನಿಧಾನಕ್ಕೆ ಎಳೀರಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅಂಕಿ ಹೆಚ್ಚು ಬಂದರೆ ಮೊದಲ ಪ್ರಶ್ನೆ: ಸೀರಮ್ ಕೆಂಪಗಿತ್ತೇ? ಹೌದಾದರೆ ಹೊಸ ಸ್ಯಾಂಪಲ್.

ಇನ್ನೊಂದು ಮೋಸ ಲ್ಯಾಬ್ ಬದಲಿಸುವುದರಲ್ಲಿದೆ. ಎಲ್‌ಡಿಎಚ್ ಅಳೆಯುವ ವಿಧಾನ ಎರಡು. ಒಂದರಲ್ಲಿ ನಾರ್ಮಲ್ ಮಿತಿ 220ರ ಆಸುಪಾಸು, ಇನ್ನೊಂದರಲ್ಲಿ 450ರ ಆಸುಪಾಸು. ಹೋದ ಸಲ 190, ಈ ಸಲ 380 ಎಂದು ಎದೆ ಒಡೆದುಕೊಳ್ಳುವ ಮೊದಲು ಪಕ್ಕದ ಕಾಲಂ ನೋಡಬೇಕು. ಎರಡೂ ನಾರ್ಮಲ್ಲೇ ಇರಬಹುದು. ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಅಂಕಿಯ ಪಕ್ಕ ಆ ಲ್ಯಾಬಿನ ಮಿತಿಯನ್ನೂ ಬರೆಯುತ್ತೇನೆ. ಒಂಟಿ ಅಂಕಿಗೆ ಬೆಲೆ ಇಲ್ಲ, ಸಾಲಿಗೆ ಇದೆ.

ಗಂಟು ನೋಡಿಕೊಳ್ಳುವುದು ತಿಂಗಳಿಗೊಮ್ಮೆ, ಸ್ನಾನವಾದ ಮೇಲೆ: ಕತ್ತು, ಕಾಲರ್ ಎಲುಬಿನ ಮೇಲಿನ ಗುಳಿ, ಕಂಕುಳು, ತೊಡೆಸಂದು. ದಿನಾ ಹಿಸುಕಿದರೆ ಒಳ್ಳೆಯ ಗ್ರಂಥಿಯೂ ನೋಯುತ್ತದೆ. ಮೆಕ್ಕೆಜೋಳದ ಹೊಲದಲ್ಲಿ ಬರಿಗಾಲಲ್ಲಿ ಕೂಳೆ ಚುಚ್ಚಿಸಿಕೊಂಡರೆ ತೊಡೆಸಂದಿನಲ್ಲಿ ಗಂಟು ಬರುವುದು ಸಹಜ. ಅದು ಮುಟ್ಟಿದರೆ ನೋಯುತ್ತದೆ, ಎರಡು ಮೂರು ವಾರದಲ್ಲಿ ಇಳಿಯುತ್ತದೆ. ನೋವಿಲ್ಲದೆ, ರಬ್ಬರಿನಂತೆ, ಒಂದೂವರೆ ಸೆಂಟಿಮೀಟರ್ ದಾಟಿ ಬೆಳೆಯುತ್ತಲೇ ಇದ್ದರೆ ಮುಂದಿನ ಅಪಾಯಿಂಟ್‌ಮೆಂಟ್ ಕಾಯುವುದಿಲ್ಲ, ಫೋನ್ ಮಾಡುತ್ತೇನೆ. ರಾತ್ರಿ ಬೆವರುವುದೂ ಲಿಂಫೋಮಾದ ಲಕ್ಷಣ, ಆದರೆ ನಮ್ಮ ಏಪ್ರಿಲ್‌ನಲ್ಲಿ ಅದು ದೊಡ್ಡ ಗೊಂದಲ. ಕರೆಂಟ್ ಹೋದಾಗ ಬೆವರಿದ್ದು ಲೆಕ್ಕಕ್ಕಿಲ್ಲ. ಫ್ಯಾನ್ ಓಡುತ್ತಿದ್ದೂ ಬನಿಯನ್, ಬೆಡ್‌ಶೀಟ್ ಎರಡೂ ಬದಲಿಸುವಷ್ಟು, ಅದೂ ಮತ್ತೆ ಮತ್ತೆ ಆದರೆ ಬರೆದಿಡುತ್ತೇನೆ. ಜ್ವರ 100.4 ದಾಟಿದರೆ, ಆರು ತಿಂಗಳಲ್ಲಿ ತೂಕ ನೂರಕ್ಕೆ ಹತ್ತು ಇಳಿದರೆ (60 ಕೆಜಿಯವರಿಗೆ 6 ಕೆಜಿ) ಅದೂ.

ಆರಾಮಾಗಿದ್ದಾಗ 'ಯಾತಕ್ಕೂ ಇರಲಿ' ಎಂದು ಪೆಟ್ ಮಾಡಿಸುವುದಿಲ್ಲ. ಮರಳಿದ್ದು ಹೆಚ್ಚಾಗಿ ಗೊತ್ತಾಗುವುದೇ ಲಕ್ಷಣದಿಂದ. ಸುಮ್ಮನೆ ಮಾಡಿಸಿದ ಸ್ಕ್ಯಾನ್ ಯಾವುದೋ ಸೋಂಕಿನ ಗ್ರಂಥಿ ತೋರಿಸಿ ಬಯಾಪ್ಸಿಗೆ ತಳ್ಳುತ್ತದೆ. ಡಾಕ್ಟರು ಬರೆದುಕೊಟ್ಟರೆ ಮಾತ್ರ ಹೀಗೆ: ಹಿಂದಿನ ದಿನ ಓಡಾಟ, ಭಾರ ಎತ್ತುವುದು ಬೇಡ. ರಾತ್ರಿಗೆ ಮಂಡಕ್ಕಿ, ಬೆಣ್ಣೆದೋಸೆ ಬೇಡ, ಮೊಟ್ಟೆ ಅಥವಾ ಪನೀರು, ತರಕಾರಿ. ಕನಿಷ್ಠ ಆರು ಗಂಟೆ ಉಪವಾಸ, ಬರೀ ನೀರು. ಶುಗರ್ 200ರ ಒಳಗಿರಬೇಕು. ಎಲೆಅಡಿಕೆ ಹಾಕುವವರಿಗೆ ಒಂದು ಮಾತು: ಅಗಿದರೆ ದವಡೆಯ ಸ್ನಾಯು ಸ್ಕ್ಯಾನಿಗೆಂದು ಚುಚ್ಚುವ ಸಕ್ಕರೆಯಂಥ ಔಷಧಿ ಹೀರಿ ಚಿತ್ರದಲ್ಲಿ ಹೊಳೆಯುತ್ತದೆ. ಎಸಿ ಕೋಣೆಯ ಚಳಿಗೆ ಕತ್ತಿನ ಕಂದು ಕೊಬ್ಬೂ ಹಾಗೇ ಹೊಳೆಯುತ್ತದೆ, ಶಾಲು ಒಯ್ಯಿರಿ. ಈಚೆಗೆ ಲಸಿಕೆ ಹಾಕಿಸಿದ್ದರೆ ಯಾವ ತೋಳು, ಯಾವ ದಿನ ಎಂದು ಮೊದಲೇ ಹೇಳಿ, ಆ ಕಡೆಯ ಕಂಕುಳ ಗ್ರಂಥಿ ಉಬ್ಬಿರುತ್ತದೆ. ವಾಪಸ್ ಬರುವಾಗ ಸಿಡಿ ಕೇಳಿ ತನ್ನಿ. ಬರೀ ಕಾಗದದ ರಿಪೋರ್ಟಿನಿಂದ ಮುಂದಿನ ಸ್ಕ್ಯಾನ್ ಹೋಲಿಸಲು ಆಗುವುದಿಲ್ಲ.

ಫೈಲಿನ ಮೊದಲ ಹಾಳೆಯಲ್ಲಿ ಔಷಧಿಯ ಒಟ್ಟು ಲೆಕ್ಕ ಇದೆ. ಡಾಕ್ಸೊರುಬಿಸಿನ್ ಸೈಕಲ್ಲಿಗೆ ಚದರ ಮೀಟರಿಗೆ 50 ಮಿಲಿಗ್ರಾಂ, ಆರಕ್ಕೆ 300. ಹೃದಯಕ್ಕೆ ಅದರ ಪೆಟ್ಟು ವರ್ಷಗಳಾದ ಮೇಲೂ ಕಾಣಬಹುದು, ಹಾಗಾಗಿ ಏದುಸಿರು ಎಂದು ಹೊಸ ಡಾಕ್ಟರ ಹತ್ತಿರ ಹೋದರೆ ಮೊದಲು ತೋರಿಸುವುದು ಈ ಹಾಳೆ. ಅದರ ಕೆಳಗೆ ರಿಟುಕ್ಸಿಮ್ಯಾಬ್‌ನ ಕೊನೆಯ ತಾರೀಖು: ಆರು ತಿಂಗಳ ಒಳಗೆ ಹಾಕಿದ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಹಳೆಯ ಹೆಪಟೈಟಿಸ್ ಬಿ ಇದ್ದವರಿಗೆ ಅದು ಮತ್ತೆ ಎದ್ದೇಳಬಹುದು. ಅಂಥವರು ಚೆನ್ನಾಗಿದ್ದೇನೆಂದು ಅದನ್ನು ತಡೆಯಲು ಕೊಟ್ಟ ವೈರಸ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಕೊನೆಯ ರಿಟುಕ್ಸಿಮ್ಯಾಬ್ ಆಗಿ ಕನಿಷ್ಠ ಒಂದು ವರ್ಷ ಮುಂದುವರಿಸುತ್ತಾರೆ.

ಹೊಸ ಚಿಕಿತ್ಸೆಗಳ ಸುದ್ದಿಗೂ ಅದೇ ನೋಟ್‌ಬುಕ್ಕು. ವಾಟ್ಸಾಪ್‌ನಲ್ಲಿ ಬಂದದ್ದನ್ನು ಮೂರು ಪ್ರಶ್ನೆಯಿಂದ ಸೋಸುತ್ತೇನೆ: ನನ್ನ ಬಗೆಯ ಲಿಂಫೋಮಾಗೆ ಹೌದೇ, ಮೊದಲ ಚಿಕಿತ್ಸೆಗೋ ಮರಳಿದವರಿಗೋ, ಇಲಿಯ ಮೇಲೋ ಮನುಷ್ಯರ ಮೇಲೋ. ಮುಕ್ಕಾಲು ಪಾಲು ಇಲ್ಲೇ ಉದುರುತ್ತದೆ. ಉಳಿದದ್ದರಲ್ಲಿ ಅಂಕಿ ಬಿಡಿಸಬೇಕು. ಆರ್-ಚಾಪ್‌ನ ವಿನ್‌ಕ್ರಿಸ್ಟಿನ್ ಬದಲು ಪೊಲಟುಜುಮ್ಯಾಬ್ ಎಂಬ ಹೊಸ ಔಷಧಿ ಸೇರಿಸಿದ ಪೊಲಾರಿಕ್ಸ್ ಟ್ರಯಲ್ ತೆಗೆದುಕೊಳ್ಳಿ. 'ಅಪಾಯ ಶೇ 27ರಷ್ಟು ಇಳಿಕೆ' ಎಂದು ಓದಿದರೆ, ಅಯ್ಯೋ ನನಗೆ ಹಳೇ ಮದ್ದು ಕೊಟ್ಟರಲ್ಲ ಅನಿಸುತ್ತದೆ. ಒಳಗೆ ನೋಡಿದರೆ ಎರಡು ವರ್ಷಕ್ಕೆ ರೋಗ ಉಲ್ಬಣಿಸದೆ ಇದ್ದವರು ಹೊಸದರಲ್ಲಿ ಶೇ 76.7, ಹಳೆಯದರಲ್ಲಿ ಶೇ 70.2. ಬದುಕಿದ್ದವರ ಪ್ರಮಾಣ ಆ ಹೊತ್ತಿಗೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ.

ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ (ರೋಗಿಯದೇ ಟಿ-ಕಣಗಳನ್ನು ಲ್ಯಾಬಿನಲ್ಲಿ ಮಾರ್ಪಡಿಸಿ ಕ್ಯಾನ್ಸರ್ ಮೇಲೆ ಬಿಡುವುದು) 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಾಗ ನೆಂಟರೆಲ್ಲ ಕಟಿಂಗ್ ಕಳಿಸಿದರು. ಅದು ಮರಳಿದವರಿಗೆ, ಮೊದಲ ಔಷಧಿಗೆ ಬಗ್ಗದವರಿಗೆ. ಹಾಗಾಗಿ 'ಮರಳಿದರೆ' ಎಂಬ ಪುಟಕ್ಕೆ ಹೋಯಿತು. 2024ರ ಜನವರಿಯಲ್ಲಿ ಅಮೆರಿಕದ ಔಷಧಿ ನಿಯಂತ್ರಕ ಎಫ್‌ಡಿಎ ತನ್ನಲ್ಲಿನ ಕಾರ್-ಟಿ ಔಷಧಿಗಳ ಲೇಬಲ್ಲಿಗೆ ಟಿ-ಸೆಲ್ ಕ್ಯಾನ್ಸರಿನ ಎಚ್ಚರಿಕೆ ಸೇರಿಸಲು ಹೇಳಿತು. ಅದೂ ಅದೇ ಪುಟದಲ್ಲಿದೆ. ದೇಶದೊಳಗಿನ ಟ್ರಯಲ್‌ಗಳನ್ನು ಸಿಟಿಆರ್‌ಐ ಎಂಬ ಸರ್ಕಾರಿ ಆನ್‌ಲೈನ್ ರಿಜಿಸ್ಟ್ರಿಯಲ್ಲಿ ಉಚಿತವಾಗಿ ಹುಡುಕಬಹುದು. ನೋಂದಣಿ ಸಂಖ್ಯೆ ಹೇಳದೆ 'ಟ್ರಯಲ್'ಗೆ ದುಡ್ಡು ಕೇಳುವವರನ್ನು ಅಲ್ಲೇ ಬಿಟ್ಟುಬಿಡುತ್ತೇನೆ.

ಭೇಟಿಗೆ ಒಯ್ಯುವುದು ಮೂರೇ ಪ್ರಶ್ನೆ, ಒಂದು ಚೀಟಿಯಲ್ಲಿ, ದೇಹದ್ದು ಮೊದಲು, ಸುದ್ದಿಯದು ಕೊನೆಗೆ. ಉಲ್ಟಾ ಮಾಡಿದರೆ ಹತ್ತು ನಿಮಿಷ ಕಾರ್-ಟಿಯಲ್ಲೇ ಮುಗಿದು, ಕಂಕುಳ ಗಂಟು ತೋರಿಸುವುದು ಉಳಿದುಬಿಡುತ್ತದೆ.