ಎಳೆ ಕಾಫಿ ಗಿಡದ ಕಸಿ: ರೆಕ್ಕೆ ಉಳಿಸಿ, ಕಂಬಚಿಗುರು ತೆಗೆಯಿರಿ

ಮೂಡಿಗೆರೆ, ಸಕಲೇಶಪುರದ ಕಡೆ ಹೊಸದಾಗಿ ಅರೇಬಿಕಾ ನೆಟ್ಟವರು ಗೊಬ್ಬರದ ಬಗ್ಗೆ ವಿಚಾರಿಸುವಷ್ಟು ಕಸಿಯ, ಅಂದರೆ ಬೇಡದ ಚಿಗುರು, ಕೊಂಬೆ ಸವರುವ ಕೆಲಸದ ಬಗ್ಗೆ ವಿಚಾರಿಸುವುದಿಲ್ಲ. ಆದರೆ ಗಿಡದ ಆಕಾರ ನಿರ್ಧಾರವಾಗುವುದು ಮೊದಲ ಎರಡು ಮೂರು ವರ್ಷದಲ್ಲೇ.

ಕತ್ತರಿ ಹಿಡಿಯುವ ಮೊದಲು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿ. ಕಾಂಡದ ಪ್ರತಿ ಗೆಣ್ಣಿನಲ್ಲೂ ಎದುರುಬದುರಾಗಿ ಎರಡು ಎಲೆ ಇರುತ್ತವೆ. ಎಲೆಯ ಕಂಕುಳಲ್ಲಿ ಒಂದರ ಕೆಳಗೊಂದು ಸಣ್ಣ ಮೊಗ್ಗುಗಳು. ಎಲ್ಲಕ್ಕಿಂತ ಮೇಲಿನ ಮೊಗ್ಗು ಅಡ್ಡಕ್ಕೆ ಹೋಗುವ ಕೊಂಬೆ, ಅಂದರೆ ರೆಕ್ಕೆಯಾಗುತ್ತದೆ. ಕೆಳಗಿನವು ಒಡೆದರೆ ನೆಟ್ಟಗೆ ಮೇಲೇಳುವ ಕಂಬಚಿಗುರು. ಮುಖ್ಯ ವಿಷಯ ಇದು: ಕಾಂಡದ ಮೇಲೆ ರೆಕ್ಕೆ ಕೊಡುವ ಮೊಗ್ಗು ಒಂದು ಎಲೆಗೆ ಒಂದೇ. ಆ ರೆಕ್ಕೆ ಬುಡದಿಂದ ಮುರಿದರೆ ಎಷ್ಟು ಗೊಬ್ಬರ ಹಾಕಿದರೂ ಅದೇ ಜಾಗದಲ್ಲಿ ಇನ್ನೊಂದು ಬರುವುದಿಲ್ಲ. ಕಂಬಚಿಗುರು ಮಾತ್ರ ತೆಗೆದಷ್ಟೂ ಬರುತ್ತದೆ. ಹಾಗಾಗಿ ಕಳೆ ಹೊಡೆಯುವಾಗ ಕತ್ತಿ ತಾಗಿ ರೆಕ್ಕೆ ಹೋಯಿತು ಅಂದರೆ ಅದು ಸಣ್ಣ ನಷ್ಟವಲ್ಲ. ಬುಡದ ಸುತ್ತ ಕೈಯಲ್ಲೇ ಕಳೆ ಕೀಳಿಸಿ.

ಮೊದಲು ಕಂಬಚಿಗುರು. ಬೆರಳುದ್ದ ಇರುವಾಗಲೇ ಅದರ ಬುಡಕ್ಕೆ ಹೆಬ್ಬೆರಳು ಕೊಟ್ಟು ಪಕ್ಕಕ್ಕೆ ಒತ್ತಿ. ಟಕ್ ಅಂತ ಬುಡಸಮೇತ ಬರುತ್ತದೆ. ಬಲಿಯಲು ಬಿಟ್ಟು ಆಮೇಲೆ ಕತ್ತಿಯಲ್ಲಿ ಕೊಚ್ಚಿದರೆ ಉಳಿದ ಮೋಟಿನಿಂದ ಮತ್ತೆ ಚಿಗುರು ಗುಂಪಾಗಿ ಏಳುತ್ತದೆ. ಮಳೆ ಹಿಡಿದ ಮೇಲೆ ಇದು ಒಂದೇ ಸುತ್ತಿನಲ್ಲಿ ಮುಗಿಯುವ ಕೆಲಸವಲ್ಲ.

ಆಮೇಲೆ ತಲೆ ಕತ್ತರಿಸುವುದು. ಅರೇಬಿಕಾ ಎರಡೂವರೆ ಅಡಿ, ಅಂದರೆ ಸುಮಾರು 75 ಸೆಂ.ಮೀ. ಮುಟ್ಟಿದಾಗ ಗೆಣ್ಣಿನಿಂದ ಸ್ವಲ್ಪ ಮೇಲೆ ತುದಿ ತೆಗೆಯಿರಿ. ರೊಬಸ್ಟಾ ಆದರೆ ಮೂರೂವರೆಯಿಂದ ನಾಲ್ಕು ಅಡಿ. ಕತ್ತರಿಸಿದ ಜಾಗದ ಕೆಳಗಿರುವ ಜೋಡಿ ರೆಕ್ಕೆಯಲ್ಲಿ ಒಂದನ್ನು ತೆಗೆದುಬಿಡಿ. ಇದೊಂದು ಕಡೆ ಮಾತ್ರ ರೆಕ್ಕೆ ಬಲಿ ಕೊಡಬೇಕು. ಎರಡನ್ನೂ ಬಿಟ್ಟರೆ ಮುಂದೆ ಕಾಯಿಯ ಭಾರಕ್ಕೆ ಕಾಂಡ ನಡುವೆ ಸೀಳಬಹುದು. ಎಸ್.795 ಎತ್ತರಕ್ಕೆ ಓಡುವ ಅರೇಬಿಕಾ ತಳಿ, ತಡ ಮಾಡಬೇಡಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಚಂದ್ರಗಿರಿ ಗಿಡ್ಡ ತಳಿ. ಅದರ ಗೆಣ್ಣುಗಳು ಹತ್ತಿರ ಹತ್ತಿರ ಇರುವುದರಿಂದ ಅದೇ ಎತ್ತರದಲ್ಲಿ ರೆಕ್ಕೆ ಜಾಸ್ತಿ ಸಿಗುತ್ತವೆ. ರೆಕ್ಕೆಗಳ ಎರಡನೇ ಅಂತಸ್ತು ಬೇಕಿದ್ದರೆ ಕೆಲವು ಫಸಲಿನ ನಂತರ ಮೇಲ್ಗಡೆ ಒಂದೇ ಒಂದು ಗಟ್ಟಿ ಕಂಬಚಿಗುರು ಬೆಳೆಯಲು ಬಿಟ್ಟು, ನಾಲ್ಕೂವರೆ ಐದು ಅಡಿಗೆ ನಿಲ್ಲಿಸಿ.

ತಲೆ ತೆಗೆದ ಮೇಲೆ ರೆಕ್ಕೆಗಳು ದಪ್ಪವಾಗಿ ಕವಲೊಡೆಯುತ್ತವೆ. ಕಾಂಡದಿಂದ ಅರ್ಧ ಅಡಿಯೊಳಗೆ ಬರುವ ಕವಲು, ಒಳಮುಖ ತಿರುಗಿದ್ದು, ಒಂದರ ಮೇಲೊಂದು ಹಾದದ್ದು ತೆಗೆಯಿರಿ. ನಡುವೆ ಗಾಳಿ, ಬೆಳಕು ಆಡಬೇಕು. ಹಾಗಂತ ಕಾಂಡಕ್ಕೆ ನೇರ ಬಿಸಿಲು ಬೀಳುವಷ್ಟು ಬೋಳಿಸಬೇಡಿ. ಬಿಳಿ ಕಾಂಡಕೊರಕ ದುಂಬಿ ಮೊಟ್ಟೆಯಿಡಲು ಹುಡುಕುವುದೇ ಅಂಥ ಬಿಸಿಲು ಬಿದ್ದ ಅರೇಬಿಕಾ ಕಾಂಡವನ್ನು.

ಫಸಲು ಶುರುವಾದ ಮೇಲೆ ದೊಡ್ಡ ಕಸಿಯನ್ನು ಕೊಯ್ಲು ಮುಗಿದ ಕೂಡಲೇ ಹಿಡಿಯಿರಿ. ಕಾಫಿ ಕಾಯಿ ಕಚ್ಚುವುದು ಹಿಂದಿನ ವರ್ಷ ಬೆಳೆದ ರೆಕ್ಕೆಯ ಮೇಲೆ. ಒಣಗಿದ್ದು, ಕಾಯಿ ಬಿಟ್ಟು ಸೋತದ್ದು ಹೋಗಲಿ. ಹೂಮಳೆಗೆ ಕಾದು ಕೂತ ಹಸಿರು ರೆಕ್ಕೆಗೆ ಕತ್ತರಿ ತಾಗದಿರಲಿ. ದಪ್ಪ ಕೊಂಬೆ ಕತ್ತರಿಸಿದಲ್ಲಿ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ ಲೇಪ) ಹಚ್ಚಿ.